ಎದ್ದು ನಿಂತವರ ಲೆಕ್ಕ

ಬರಲ್ಲ ಅಂದ್ರೆ ಬರಲ್ಲ! ಎಷ್ಟು ಸಲ ಹೇಳ್ಬೇಕು ನಿನಗೆ? ಆ ಸಮಿತಿ ಕಾರ್ಯದರ್ಶಿ ಮುಂದೆ ಹೋಗಿ, "ಸ್ವಾಮಿ, ನಮ್ಮ ನರ್ಸ್‌ಗಳು ನಿಮ್ಮ ಪ್ರಶ್ನೆಗೆ ಎದ್ದಿದ್ದಲ್ಲ, ದೊಡ್ಡ ಡಾಕ್ಟರು ಒಳಗೆ ಬಂದ್ರು ಅಂತ ಎದ್ದಿದ್ದು" ಅಂತ ನಾನು ಹೇಳ್ಬೇಕಾ? ಮುಖದ ಮೇಲೇ ನಗ್ತಾರೆ! ... ನೀನ್ಯಾಕೆ ನಗ್ತಿದೀಯ? ನಗಲಿಲ್ವಾ? ತುಟಿ ಅಲ್ಲಾಡಿದ್ದು ನೋಡಿದೆ ನಾನು. ಬಾಗಿಲು ಹಾಕ್ಬೇಡ, ತೆಗೆದೇ ಇರಲಿ. ದೊಡ್ಡ ಡಾಕ್ಟರು ಈ ಕಡೆ ಬರ್ತೀನಿ ಅಂದಿದ್ದಾರೆ. ಕೂತ್ಕೋ. ಕೂರೋದ್ರಲ್ಲಿ ನೀನು ಎತ್ತಿದ ಕೈ ತಾನೇ!

ಇಡೀ ಸಭಾಂಗಣದಲ್ಲಿ ಒಬ್ಬಳೇ ಒಬ್ಬಳು! ಎಲ್ಲರೂ ಎದ್ದು ನಿಂತಿದ್ದಾರೆ, ಮಹಾರಾಣಿ ಮಾತ್ರ ಕುರ್ಚಿಗೆ ಅಂಟ್ಕೊಂಡು ಕೂತಿದ್ದಾಳೆ. ಸಭೆ ಮುಗಿದ ತಕ್ಷಣ ದೊಡ್ಡ ಡಾಕ್ಟರು ನನ್ನ ಹತ್ರ ಬಂದು ಏನು ಕೇಳಿದ್ರು ಗೊತ್ತಾ? "ಯಾರಮ್ಮ ಅದು, ನಿಮ್ಮ ಸ್ಟೂಡೆಂಟಾ?" ಅಷ್ಟೇ. ಮೆಲ್ಲಗೆ, ನಗ್ತಾ. ಅವರು ನಗ್ತಾ ಕೇಳಿದ್ರೆ ಏನರ್ಥ ಅಂತ ನನಗೆ ಗೊತ್ತು. ನನ್ನ ಮುಖ ಎಲ್ಲಿಟ್ಕೊಳ್ಳಲಿ?

ಇದಕ್ಕಾ ನಾನು ನಿಮ್ಮನ್ನೆಲ್ಲ ಕಟ್ಕೊಂಡು ಒದ್ದಾಡಿದ್ದು? ಬೇರೆ ಕಾಲೇಜುಗಳಲ್ಲಿ ಆರೋಗ್ಯ ನೀತಿ ಹೇಗೆ ಹೇಳಿಕೊಡ್ತಾರೆ, ಹೋಗಿ ನೋಡು. ನೋಟ್ಸ್ ಓದಿಸ್ತಾರೆ, ಆಕಳಿಸ್ತಾರೆ, ಮನೆಗೆ ಹೋಗ್ತಾರೆ. ಎಂ.ಎಸ್ಸಿ. ನರ್ಸಿಂಗ್ ಓದೋರನ್ನ ನಿಜವಾದ ಸರ್ಕಾರಿ ಸಮಿತಿ ಮುಂದೆ ಕರ್ಕೊಂಡು ಹೋದೋಳು ಯಾರು? ನಾನು! ಪ್ರಾಕ್ಟಿಕಲ್ ರೂಮಲ್ಲಿ ಆ ರಬ್ಬರ್ ಬೊಂಬೆಗೆ ಕೋಟು ಹಾಕಿ, ಅದನ್ನೇ ಅಧ್ಯಕ್ಷ ಮಾಡಿ ನಿಮಗೆ ಮಾತಾಡೋದು ಕಲಿಸಿದೋಳು ಯಾರು? ಎದೆ ಒತ್ತಿ ಒತ್ತಿ ಕಲಿಯೋ ಬೊಂಬೆ ಮುಂದೆ ನಿಂತು ನೀವೆಲ್ಲ ಮೊದಲನೇ ದಿನ ತೊದಲಿದ್ದು ಮರೆತುಹೋಯ್ತಾ? ಅದಕ್ಕೆ ಕಣ್ಣು ಮುಚ್ಚೋಕೂ ಬರಲ್ಲ, ಅದಕ್ಕೇ ಹೆದರಿದ್ರಿ!

ಏನು? ... ಹೌದು. ಹೇಳಿದ್ದೆ. "ಸಭೆಯಲ್ಲಿ ಪ್ರಶ್ನೆಗೆ ಏಳಿ, ಮನುಷ್ಯರಿಗಲ್ಲ" ಅಂತ ನಾನೇ ಹೇಳಿದ್ದೆ. ಬೋರ್ಡ್ ಮೇಲೆ ಬರೆದೂ ಇದ್ದೆ. ಅದಕ್ಕೇನೀಗ? ಕ್ಲಾಸಲ್ಲಿ ಹೇಳೋದು ಬೇರೆ, ಬಾಳೋದು ಬೇರೆ. ಅಷ್ಟೂ ಗೊತ್ತಾಗಲ್ವಾ? ಇಷ್ಟು ವರ್ಷ ವಾರ್ಡಲ್ಲಿ ಕೆಲಸ ಮಾಡಿ ಓದೋಕೆ ಬಂದೋಳು ನೀನು, ಹಾಲು ಕುಡಿಯೋ ಮಗುವಲ್ಲ. ದೊಡ್ಡ ಡಾಕ್ಟರ ಬೂಟಿನ ಸದ್ದು ಕೇಳಿದ್ರೆ ಬಾಯಲ್ಲಿರೋ ತುತ್ತು ನುಂಗದೆ ಏಳೋರು ನಾವು. ಯಾರೂ ಹೇಳ್ಬೇಕಾಗಿಲ್ಲ, ಕಾಲು ತಾನಾಗೇ ಏಳುತ್ತೆ. ನಿನ್ನ ಕಾಲಿಗೇನಾಗಿತ್ತು? ಲಕ್ವಾ ಹೊಡೆದಿತ್ತಾ?

ಆ ಅಧ್ಯಕ್ಷನೂ ಸರಿಯಾದ ಗಳಿಗೆ ಆರಿಸ್ಕೊಂಡ ನೋಡು. "ಡ್ಯೂಟಿ ಎಂಟು ಗಂಟೆಯಿಂದ ಹನ್ನೆರಡು ಗಂಟೆ ಆಗಲಿ ಅನ್ನೋರು ಎದ್ದು ನಿಲ್ಲಿ" ಅಂದ. ಯಾರು ಏಳ್ತಾರೆ? ಒಂದು ಜೀವವೂ ಏಳಲಿಲ್ಲ. ಅಷ್ಟರಲ್ಲಿ ಬಾಗಿಲು ತೆಗೀತು. ದೊಡ್ಡ ಡಾಕ್ಟರು ಬಂದ್ರು, ಎಲ್ಲರೂ ಎದ್ವಿ. ಬಂದೋರು ಹೋಗಿ ಕೂತ್ರಾ? ಇಲ್ಲ! ಬಾಗಿಲಲ್ಲೇ ನಿಂತು ಫೋನಲ್ಲಿ ಮಾತಾಡ್ತಾ ಇದ್ದಾರೆ. ಅವರು ಕೂರದೆ ನಾವು ಹೇಗೆ ಕೂರೋದು? ಆ ಗುಮಾಸ್ತ ಪೆನ್ನು ತಗೊಂಡು ಒಂದೊಂದೇ ತಲೆ ಎಣಿಸ್ತಾ ಬಂದ, ಎಲ್ಲರೂ ಸುಮ್ಮನೆ ಎಣಿಸಿಸ್ಕೊಂಡ್ರು. "ನರ್ಸ್‌ಗಳೇ ಒಪ್ಪಿದ್ದಾರೆ, ಸಂತೋಷ" ಅಂದ ಅಧ್ಯಕ್ಷ. ಆಗ ನೀನು ಕಿರುಚಿದೆ, "ಅದಲ್ಲ ಸಾರ್!" ಅಂತ. ಏನಂದ ಅವನು? "ಕೂತಿದ್ದೋರು ನಿಂತೋರ ಪರವಾಗಿ ಮಾತಾಡೋ ಹಾಗಿಲ್ಲಮ್ಮ." ಆಯ್ತಾ ಮಂಗಳಾರತಿ? ಅಲ್ಲಿಗೆ ಮುಗೀಬೇಕಿತ್ತು. ಈಗ ಬಂದು ನನ್ನ ಪ್ರಾಣ ತಿಂತಿದೀಯ, "ಮೇಡಂ, ನಿಂತಿದ್ದೋರು ಯಾರಾದ್ರೂ ಒಬ್ಬರು ಬಂದು ಹೇಳಿದ್ರೆ ಸಾಕು, ಸಂಜೆ ಒಳಗೆ ತಿದ್ದುತ್ತಾರೆ" ಅಂತ.

ನನಗೂ ಗೊತ್ತು ಕಣೇ! ನಾಳೆ ಆ ಲೆಕ್ಕ ಮೇಲೆ ಸರ್ಕಾರಕ್ಕೆ ಹೋದ್ರೆ ಮತ್ತೆ ಯಾರ ಕೈಲೂ ಇಲ್ಲ. ಎಲ್ಲಾ ಆಸ್ಪತ್ರೆಗೂ ಅದೇ ನಿಯಮ. ನಿನ್ನ ಮಗಳು ನೀನು ಹೋಗೋವಾಗ್ಲೂ ಮಲಗಿರ್ತಾಳೆ, ಬರೋವಾಗ್ಲೂ ಮಲಗಿರ್ತಾಳೆ, ಅತ್ತೆ ಮುಖ ಊದಿಸ್ಕೊಂಡಿರ್ತಾರೆ... ಬೆಳಿಗ್ಗೆಯಿಂದ ಅದನ್ನೇ ಹೇಳ್ತಿದೀಯ. ಕೊನೆಯ ನಾಲ್ಕು ಗಂಟೆಯಲ್ಲಿ ಯಾವ ನರ್ಸ್ ಕೈಯಲ್ಲಿ ಯಾವ ಸಿರಿಂಜ್ ತಪ್ಪುತ್ತೆ ಅಂತ ನನಗೆ ಪಾಠ ಮಾಡ್ಬೇಡ, ಆ ಪಾಠ ನಿನಗೆ ಮಾಡಿದ್ದೇ ನಾನು. ಆದ್ರೆ ನಾನು ಯಾಕೆ ಹೋಗ್ಬೇಕು? ನಿನ್ನ ಗೆಳತಿಯರಿಲ್ವಾ? ಸಭೆಯಲ್ಲಿ ದಡಕ್ಕಂತ ಎದ್ದವರು ಅವರು ತಾನೇ? ಅವರನ್ನ ಎಳ್ಕೊಂಡು ಹೋಗು! ... ಬರಲ್ವಂತಾ? ಯಾಕೆ ಬರಲ್ವಂತೆ? ಏನಂದ್ರು? ... ಏನೂ ಹೇಳಲಿಲ್ವಾ? ಸುಳ್ಳು. ಏನೋ ಅಂದಿರ್ತಾರೆ. ಮೇಡಂ ಮೊದಲು ಎದ್ರು, ಅದಕ್ಕೆ ನಾವೂ ಎದ್ವಿ ಅಂತ ನನ್ನ ಮೇಲೆ ಹಾಕಿರ್ತಾರೆ. ಮುಂದಿನ ಸಾಲಲ್ಲಿ ಇದ್ದಿದ್ದು ನಾನೊಬ್ಬಳೇ ಅಲ್ವಾ, ಸುಲಭ!

ಯಾಕೆ ಹಾಗೆ ನೋಡ್ತಿದೀಯ? ... ಅವರು ಅದನ್ನ ಅಂದೇ ಇಲ್ವಾ? ... ನೀನೂ ಅನ್ನಲಿಲ್ಲ. ಸರಿ.

ನೋಡು, ನಾನು ಎದ್ದಿದ್ದೇ ಬೇರೆ ಕಾರಣಕ್ಕೆ. ಕಿಟಕಿ ಹಾಕೋಣ ಅಂತ. ತಣ್ಣಗೆ ಗಾಳಿ ಬರ್ತಿತ್ತು, ಕುತ್ತಿಗೆಗೆ ಹೊಡೀತಿತ್ತು. ಅವರು ಬಂದಿದ್ದು ಕೂಡ ನಾನು ನೋಡಿಲ್ಲ. ಕಾಕತಾಳೀಯ! ... ಏನು, ಏನೀಗ? ಕಿಟಕಿ... ಇತ್ತಲ್ವಾ ಆ ಹಾಲಲ್ಲಿ? ... ಇರಲಿಲ್ವಾ? ಒಂದೂ? ... ನೀನು ಬಾಯಿ ಬಿಟ್ಟು ಮಾತಾಡೇ, ಹೀಗೆ ಪೊಲೀಸರ ಥರ ಕೂತು ನೋಡ್ಬೇಡ! ನಿನಗೆ ನನ್ನ ಮೇಲೆ ದ್ವೇಷ, ಅಷ್ಟೇ. ನಿನ್ನ ಇಂಟರ್ನಲ್ ಮಾರ್ಕ್ಸ್ ನನ್ನ ಕೈಲಿದೆ ಅನ್ನೋದು ನೆನಪಿರಲಿ. ಹೆದರಿ ಎದ್ದೋಳಲ್ಲ ನಾನು. ನನಗೆ ಯಾರ ಹೆದರಿಕೆಯೂ ಇಲ್ಲ, ದೊಡ್ಡ ಡಾಕ್ಟರಾದ್ರೂ ಅಷ್ಟೇ, ಅವರಪ್ಪ ಆದ್ರೂ ಅಷ್ಟೇ, ನಾನು ಯಾರಿಗೂ...

ಶ್! ಬಂದ್ರು. ಬೂಟಿನ ಸದ್ದು. ... ನಮಸ್ಕಾರ ಸಾರ್! ಬನ್ನಿ ಸಾರ್, ಈ ಹುಡುಗಿಗೆ ಬುದ್ಧಿ ಹೇಳ್ತಾ ಇದ್ದೆ, ಇನ್ಮೇಲೆ ಹೀಗಾಗಲ್ಲ ಸಾ...

ಥೂ! ನೀನೇನಯ್ಯಾ? ಅಟೆಂಡರ್‌ಗೆ ಅಂಥ ಬೂಟು ಯಾರು ಕೊಡಿಸಿದ್ರು? ಏನು, ಸಾಹೇಬ್ರು ಬರಲ್ವಂತಾ? ಮನೆಗೆ ಹೋದ್ರಾ? ... ಸರಿ, ಸರಿ. ಫ್ಲಾಸ್ಕ್ ಅಲ್ಲಿಟ್ಟು ಹೋಗು. ಬಾಗಿಲು ಎಳ್ಕೊಂಡು ಹೋಗು!

...

ಏನಾದ್ರೂ ಅನ್ನು. ಈಗಲಾದ್ರೂ ನಗು. ... ಬೇಕಾದ್ರೆ ಬೈದುಬಿಡು, ಮಾರ್ಕ್ಸ್ ಕಳೆಯಲ್ಲ. ... ಏಳು. ಕೈ ಮುಗಿದು ಕೇಳ್ತೀನಿ, ನೀನೂ ಏಳೇ. ಆ ಬೂಟಿನ ಸದ್ದಿಗೆ ಎದ್ದು ಒಬ್ಬಳೇ ನಿಂತಿದ್ದೀನಿ ನಾನು.