ಸರಿಯುತ್ತರ: ಹೊರಗೆ ಬಾ

...ನಗ್ತೀಯಲ್ಲ! ನಗಮ್ಮ, ನಗು. ಕಣ್ಣು, ಮೂಗು, ಮೀಸೆ ಎಲ್ಲಾ ಇರೋ ನೀರಿನ ಪೈಪು! "ಬನ್ನಿ ಗೆಳೆಯರೇ, ಬೆಂಕಿ ಆರಿಸೋಣ" ಅನ್ನುತ್ತೆ. ಹಳೇ ಕಂಪ್ಯೂಟರ್ ಆಟದ ಕಥೆ ಇಷ್ಟೇ. ಅಗ್ನಿಶಾಮಕ ದಳಕ್ಕೆ ಸೇರೋ ಮೀಸೆ ಬಂದ ಗಂಡಸರಿಗೆ ಇದನ್ನ ಆಡಿಸಿ ತರಬೇತಿ ಅಂತೆ, ತರಬೇತಿ! ಬರೆದ ಮಹಾನುಭಾವ ಜನ್ಮದಲ್ಲಿ ಒಲೆ ಹಚ್ಚಿದ್ದಾನೋ ಇಲ್ಲವೋ! ಅದಕ್ಕೇ ಸಾಹೇಬರು, "ಹೊಸ ಆಟದ ಕಥೆ ನೀನೇ ಬರೆಯಪ್ಪ, ಬೆಂಕಿ ಜೊತೆ ಬಾಳ್ವೆ ಮಾಡಿದವನು" ಅಂದ್ರು.

ತಗೋ, ಹಿಡ್ಕೋ. ಪರದೆ ಮೇಲಿನ ಬೆಂಕಿ ಸುಡಲ್ಲ. ಭಾವ ಬರೆದದ್ದು ಹೇಗಿದೆ ಅಂತ ತಮ್ಮನ ಹೆಂಡ್ತಿ ನೀನೇ ಹೇಳ್ಬೇಕು.

ನೋಡು, ಕಥೆ ಅಂದ್ರೆ ಉಪದೇಶ ಅಲ್ಲ. ಆಡೋನಿಗೆ ಏನೋ ಒಂದು ಬೇಕೇ ಬೇಕು ಅನ್ನಿಸ್ಬೇಕು... ಅದು ಕೈ ತಪ್ಪೋ ಹಾಗಿರ್ಬೇಕು! ಇಲ್ಲಿ, ಜೊತೆಗಾರ ಮೂರನೇ ಮಹಡೀಲಿ ತೊಲೆ ಕೆಳಗೆ ಸಿಕ್ಕಿಬಿದ್ದಿದ್ದಾನೆ. ಛಾವಣಿ ಕುಸೀತಾ ಇದೆ. ಎರಡೇ ಗುಂಡಿ. ಒಳಗೆ ಹೋಗು, ಹೊರಗೆ ಬಾ. ಸರಿಯುತ್ತರ, ಹೊರಗೆ ಬಾ. ನಿಯಮವೇ ಅದು. ಆದ್ರೆ ಹೊಸ ತಂಡದ ಆ ಪೆದ್ದುಗಳು! ಒಬ್ಬೊಬ್ಬನೂ ಒಳಗೆ ನುಗ್ಗೋನೇ! ಸಿನಿಮಾ ನೋಡಿ ಕೆಟ್ಟಿದ್ದಾವೆ. ಒಂದು ಹೆಣದ ಬದಲು ಎರಡು ಹೆಣ... ಅಷ್ಟೂ ತಿಳಿಯದ ಮಂಕುಗಳು. ಎಲ್ಲರಿಗೂ ಸೊನ್ನೆ ಕೊಟ್ಟೆ!

ಯಾಕೆ ಕೈ ಹಿಂದಕ್ಕೆ ತಗೊಂಡೆ?

ಅಯ್ಯೋ, ಇದು ನಿನ್ನ ಗಂಡನ ಕಥೆ ಅಲ್ಲಮ್ಮ! ನನ್ನ ತಮ್ಮನದ್ದೇ ಬೇರೆ. ಛಾವಣಿ ಬಿದ್ದ ಕ್ಷಣಕ್ಕೇ ಹೋದ, ನೋವು ಕೂಡ ಗೊತ್ತಾಗ್ಲಿಲ್ಲ ಅಂತ ಅವತ್ತು ಅವನ ಜೊತೆ ಒಳಗಿದ್ದ ನಾನೇ ಬಂದು ಹೇಳ್ಲಿಲ್ವಾ? ಮಾಡೋಕೆ ಏನೂ ಇರ್ಲಿಲ್ಲ. ಇದು ಬರೀ ಆಟ. ಒತ್ತು.

ಒತ್ತಮ್ಮ... ಏನು ಹುಡುಕ್ತಿದೀಯಾ? ಧ್ವನಿಯಾ? ಎಷ್ಟು ಏರಿಸಿದ್ರೂ ಅಷ್ಟೇ. ಹೌದು, ಬೇರೆ ಕೋಣೆಗಳಲ್ಲಿ ಬೆಂಕಿ ಚಟಪಟ ಅನ್ನುತ್ತೆ, ಗಾಜು ಒಡೆಯುತ್ತೆ... ಈ ಕೋಣೇಲಿಲ್ಲ. ಯಂತ್ರದ ದೋಷ... ಅಲ್ಲ, ನಾನೇ ತೆಗೆಸಿದೆ. ಧ್ವನಿ ಇದ್ದಾಗ ಒಬ್ಬ ಬಡ್ಡೀಮಗನೂ ಹೊರಗೆ ಬರ್ಲಿಲ್ಲ. ತೆಗೆಸಿದ್ಮೇಲೂ ಬರ್ಲಿಲ್ಲ!

ಯಾಕೆ ಹಾಗೆ ನೋಡ್ತೀಯಾ? ಹೊಗೆ ಕುಡಿದೋಳಾ ನೀನು? ನಿನಗೇನು ಗೊತ್ತಾಗುತ್ತೆ! ಅಲ್ಲಾ... ತೊಲೆ ಕೆಳಗಿಂದ ಅವನು "ಅಣ್ಣಾ, ಅಣ್ಣಾ" ಅಂತ ಆ ಪಾಟಿ ಕೂಗ್ತಾ ಇದ್ರೆ... ಯಾವನಮ್ಮ ಹೊರಗೆ ಬಾ ಅಂತ ಒತ್ತಾನು?