ಹಿಮದ ಬಯಲಿನ ಚಕ್ಕುಬಂದಿ

ವೇದಿಕೆಯ ಮೇಲಿರುವ ಪ್ರಾಚಾರ್ಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಜನ್ನತಬಿ ಅಮ್ಮ, ಸಾಬೀರಾ ಭಾಬಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಬಸ್ಸು ಹಿಡಿದು ಬಂದ ಗೆಳೆಯರೇ, ವಿದ್ಯಾರ್ಥಿಗಳೇ — ನಮಸ್ಕಾರ, ಸಲಾಂ.

ನಾನು ಸೋಮನಿಂಗ. ಸಿಂದಗಿಯ ಈ ಕಾಲೇಜಿನಲ್ಲಿ ಕನ್ನಡ ಕಲಿಸುವವನು. ನನಗಿಂತ ಮೊದಲು ಮಾತಾಡಿದವರು ಪ್ರೊಫೆಸರ್ ಅಫ್ತಾಬ ಸಾಲೋಟಗಿಯವರನ್ನು ದೇವರ ಪಕ್ಕಕ್ಕೆ ಕೂರಿಸಿ ಬಂದರು. ನನ್ನಿಂದ ಅದಾಗದು. ನನಗೆ ಅವನು ಅಫ್ತಾಬ. ಏಕವಚನ. ಇಂಗ್ಲಿಷ್ ವಿಭಾಗದ ಅವನ ಕೋಣೆಗೂ ನನ್ನ ಕೋಣೆಗೂ ನಡುವೆ ಒಂದೇ ಗೋಡೆ, ಆ ಗೋಡೆಯ ಆಚೆ ಈಚೆ ನಾವು ಇಡೀ ನೌಕರಿಯುದ್ದಕ್ಕೂ ಜಗಳವಾಡಿದೆವು. ಹೋದ ತಿಂಗಳು ಅವನ ಹೃದಯ ನಿಂತಿತು. ಅದರ ಬಗ್ಗೆ ಹೇಳುವುದು ಅಷ್ಟೇ.

ಹೇಳಬೇಕಾದ್ದು ಬೇರೆ ಇದೆ. ಅಫ್ತಾಬನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಒಬ್ಬ ಹುಡುಗಿ ಇಲ್ಲಿ ಕುಳಿತಿದ್ದಾಳೆ — ಮೋರಟಗಿಯ ಸುನೀತಾ. ಮಾರ್ಗದರ್ಶಕ ಸತ್ತರೆ ಸಂಶೋಧನೆ ನಿಲ್ಲುತ್ತದೆ. ಸೋಮವಾರದೊಳಗೆ ಅವಳು ಹೊಸ ಮಾರ್ಗದರ್ಶಕರ ಒಪ್ಪಿಗೆ ತರಬೇಕು. ಇಲ್ಲವಾದರೆ ವಿಶ್ವವಿದ್ಯಾಲಯದ ನೋಂದಣಿಯಿಂದ ಅವಳ ಹೆಸರು ಹೋಗುತ್ತದೆ. ಹತ್ತಿರದಲ್ಲೇ ಒಬ್ಬ ಹಿರಿಯರಿದ್ದಾರೆ, ಅವರು ಒಪ್ಪಿದ್ದಾರೆ — ವಿಷಯ ಬದಲಿಸಿದರೆ ಮಾತ್ರ. ಅವರಂದದ್ದು ಹೀಗೆ: "ಬಿಸಿಲೂರಾಗ ಕುಂತು ಬರ್ಫಿನ ಮ್ಯಾಲೆ ಏನ್ ಬರೀತಿ ತಂಗಿ? ಬ್ಯಾರೆ ಏನರೆ ತಗೋ, ಲಗೂನ ಮುಗೀತೈತಿ."

ವಿಷಯ ಏನು? ಭೂಮಿಯ ಎರಡು ತುದಿಗಳ ಹಿಮದ ನಾಡನ್ನು ಇಂಗ್ಲಿಷ್ ಸಾಹಿತ್ಯ ಹೇಗೆ ಕಲ್ಪಿಸಿಕೊಂಡಿತು ಅನ್ನೋದು. ಅಫ್ತಾಬ ಬದುಕೆಲ್ಲ ಓದಿದ್ದು, ಬರೆದದ್ದು ಅದನ್ನೇ. ಅವನ ತಾಯಿ ಜನ್ನತಬಿ ಅಮ್ಮ ನನಗೆ ಹೇಳುತ್ತಿದ್ದರು — ಹೌದಲ್ಲ ಅಮ್ಮ? — "ಬ್ಯಾಸಗ್ಯಾಗ ಕರೆಂಟ ಹೋದಾಗ ತಂಪಾಗ್ಲಿ ಅಂತ ಆ ಬುಕ್ಕ ಓದ್ತಾನ ನೋಡಪಾ, ಫ್ಯಾನಿನ ಖರ್ಚ ಉಳೀತು." ನಗಬಹುದು. ಅವನೂ ನಗುತ್ತಿದ್ದ.

ನಾನು ಚಳವಳಿಯಿಂದ ಬಂದವನು. ಒಮ್ಮೆ ಸಿಟ್ಟಿನಿಂದಲೇ ಕೇಳಿದೆ: "ಅಲ್ಲೋ, ಇಲ್ಲಿ ಕುಡಿಯೋ ನೀರಿಗೆ ಧರಣಿ ಕುಂತೇವಿ, ನೀ ಯಾವ ದೇಶದ ಬರ್ಫ ಹಿಡಕೊಂಡು ಕುಂತಿ?" ಅವನು ಪುಸ್ತಕ ಮಡಚಲಿಲ್ಲ. ಬೆರಳು ಒಳಗಿಟ್ಟುಕೊಂಡೇ — ಹೀಗೆ — ಅಂದ: "ಸೋಮ್ಯಾ, ಒಂದು ನಾಡು ಖಾಲಿ ಅಂತ ಬರಿಯೋದನ್ನ ಜನ ಹೆಂಗ ಕಲೀತಾರು, ಅದನ್ನ ನೋಡಾಕತ್ತೇನಿ. ನೀ ಧರಣಿಗೆ ನಡಿ, ಬರ್ತೇನಿ." ಬಂದ. ಪುಸ್ತಕ ಸಮೇತ ಬಂದ.

ಅವನು ಕಂಡದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಆ ಪುಸ್ತಕಗಳಲ್ಲಿ ಹಡಗೊಂದು ಮಂಜುಗಡ್ಡೆಯಲ್ಲಿ ಸಿಕ್ಕಿಬೀಳುತ್ತದೆ. ಸುತ್ತ ಬಿಳಿ. ಮೌನ. ಆ ಬಿಳಿಯ ನಡುವೆ ಒಬ್ಬ ಗಂಡಸು ನಿಂತು ತನ್ನ ಆತ್ಮವನ್ನು ನೋಡಿಕೊಳ್ಳುತ್ತಾನೆ. ಕೆಲವು ಸಲ ಅಲ್ಲಿ ರಾಕ್ಷಸ ಇರುತ್ತಾನೆ, ಕೆಲವು ಸಲ ದೇವರು. ಕಡೆಗೆ ಡೇರೆಯೊಳಗೆ ಒಂದು ಧೀರ ಮರಣ. ಎಲ್ಲವೂ ಇದೆ — ನೆರೆಹೊರೆಯವರು ಇಲ್ಲ. ದಕ್ಷಿಣದ ತುದಿಯಲ್ಲಿ ನಿಜಕ್ಕೂ ಯಾರೂ ಇರಲಿಲ್ಲ, ಅದು ಸರಿ. ಉತ್ತರದ ಕಡೆ ಸಾವಿರಾರು ವರ್ಷಗಳಿಂದ ಜನ ಇದ್ದಾರೆ. ಇನುಯಿಟ್ ಜನ, ಹಿಮಸಾರಂಗ ಮೇಯಿಸುವ ಸಾಮಿ ಜನ, ಇನ್ನೂ ಎಷ್ಟೋ ಜನ. ಸಾಹಸಿಗಳಲ್ಲಿ ಬಹಳ ಮಂದಿಗೆ ದಾರಿ ತೋರಿಸಿದವರು, ತುಪ್ಪಳದ ಅಂಗಿ ಹೊಲಿದು ಕೊಟ್ಟವರು ಅವರೇ. ಆದರೂ ಬರೆಯುವವರು ಎರಡೂ ತುದಿಗೆ ಒಂದೇ ಸುಣ್ಣ ಬಳಿದರು.

ಬರೀ ಕಥೆ ಅಂತ ಬಿಡೋಣವೇ? ಬಿಡಲಾಗದು. ಒಂದು ಕಾಲಕ್ಕೆ ಇಂಗ್ಲೆಂಡಿನ ಎರಡು ಹಡಗು ಉತ್ತರದ ಹಿಮದಲ್ಲಿ ಕಾಣೆಯಾದವು. ಅಲ್ಲಿನ ಇನುಯಿಟ್ ಜನ ಕಂಡದ್ದನ್ನು ಹೇಳಿದರು: ಹಡಗಿನವರು ಹಸಿವಿನಿಂದ ಸತ್ತರು, ಕೊನೆಗೆ ಒಬ್ಬರ ಹೆಣ ಒಬ್ಬರು ತಿಂದರು. ಲಂಡನ್ನಿನ ದೊಡ್ಡ ಸಾಹಿತಿಗಳು ಏನೆಂದರು? ನಮ್ಮವರು ಹಾಗೆ ಮಾಡಲಾರರು, ಆ ಕಾಡುಜನರ ಮಾತು ನಂಬಬೇಡಿ ಎಂದರು. ಕೊಂದವರು ಅವರೇ ಇರಬಹುದು ಎಂದೂ ಬರೆದರು. ಒಂದೂವರೆ ಶತಮಾನದ ಮೇಲೆ ಮೂಳೆಗಳ ಮೇಲೆ ಚಾಕುವಿನ ಗುರುತುಗಳು ಸಿಕ್ಕವು. ಹಡಗುಗಳೂ ಸಿಕ್ಕವು — ಹುಡುಕುವವರು ಆ ಜನರ ಹಳೆಯ ಮಾತಿಗೆ ಕಿವಿಗೊಟ್ಟ ಮೇಲೆ. ಕಂಡವನ ಮಾತಿಗಿಂತ ಕಾಣದೆ ಬರೆದವನ ಗದ್ಯಕ್ಕೆ ಬೆಲೆ ಬಂದರೆ ಆಗುವುದು ಇದು.

ಹೀಗೆಂದು ನಾನು ಟೇಬಲ್ ಗುದ್ದಿ ಹೇಳಿದರೆ ಅಫ್ತಾಬ ಅನ್ನುತ್ತಿದ್ದ: "ಬೈ, ಬೈ. ಆದ್ರ ಗದ್ಯ ಭಾಳ ಚಂದ ಐತಿ ಮಾರಾಯ." ಆ ಡೇರೆಯ ಸಾವಿನ ಪುಟ ಬಂದರೆ ಎರಡೆರಡು ಸಲ ಓದುತ್ತಿದ್ದ. ಆ ಪುಸ್ತಕಗಳನ್ನು ಅವನು ಪ್ರೀತಿಸುತ್ತಿದ್ದ. ನನಗೆ ಅದು ಹಿಡಿಸಲಿಲ್ಲ. ಇವತ್ತಿಗೂ ಹಿಡಿಸುವುದಿಲ್ಲ. ಅವನು ಸತ್ತ ಅಂತ ನನ್ನ ಅಭಿಪ್ರಾಯ ಬದಲಾಗಿಲ್ಲ.

ಇನ್ನೊಂದು ಜಗಳ. ನಮ್ಮ ಎರೆಭೂಮಿಯನ್ನೂ ಬರಡು ಬಯಲು ಅಂತಾರೆ, ನಾವೂ ಒಂದು ಉತ್ತರ ಧ್ರುವ ಅಂತ ಬರೆದುಬಿಡು ಎಂದೆ. ಭಾಷಣಕ್ಕೆ ಒಳ್ಳೆಯ ಸಾಲಾಗಿತ್ತು. ಅವನು ಒಪ್ಪಲಿಲ್ಲ. "ಅವರ ಸಂಕಟಾನ ಲಗೂನ ನಮ್ಮದು ಮಾಡ್ಕೋಬ್ಯಾಡ ಸೋಮ್ಯಾ. ಮೊದಲ ಅವರ ಹೆಸರು ಸರಿಯಾಗಿ ಹೇಳಾಕ ಕಲಿ." ಆ ಮಾತು ನನಗೆ ಚುಚ್ಚಿತು. ಚುಚ್ಚಲೆಂದೇ ಅಂದಿದ್ದ.

ಈಗ ಸುನೀತಾ. ಬಿ.ಎ. ತರಗತಿಯಲ್ಲಿ ಅಫ್ತಾಬ ಒಂದು ಕೆಲಸ ಕೊಟ್ಟ. ಹಡಗು ಬಿಟ್ಟು ನಡೆದುಹೋದ ಸಾಹಸಿಯೊಬ್ಬ ಹಿಮ ನೋಡುವ ಒಂದು ಪುಟ ಓದಿಸಿ, ಆ ಜಾಗವನ್ನು ನಿಮ್ಮ ಮಾತಿನಲ್ಲಿ ವರ್ಣಿಸಿ ಎಂದ. ಹುಡುಗರು ಬಿಳಿ, ಚಳಿ, ಮೌನ ಅಂತ ಬರೆದರು. ಸುನೀತಾ ಚಕ್ಕುಬಂದಿ ಬರೆದಳು! ಹೊಲದ ಕಾಗದ ನೋಡಿದವರಿಗೆ ಗೊತ್ತು. ನಮ್ಮಲ್ಲಿ ಯಾವ ಹೊಲವೂ ಒಂಟಿ ಇರುವುದಿಲ್ಲ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಇಂಥವರ ಬದು, ದಕ್ಷಿಣಕ್ಕೆ ಬಂಡಿದಾರಿ — ನಾಲ್ಕೂ ದಿಕ್ಕಿನ ನೆರೆಯವರನ್ನು ಹೇಳದೆ ನೆಲವನ್ನು ಗುರುತಿಸುವ ರೂಢಿಯೇ ನಮಗಿಲ್ಲ. ಅವಳು ಹಿಮಕ್ಕೂ ಅದನ್ನೇ ಮಾಡಿದಳು. ಪೂರ್ವಕ್ಕೆ ಹಡಗು. ಪಶ್ಚಿಮಕ್ಕೆ ಸಮುದ್ರ. ಉತ್ತರಕ್ಕೆ ಬೆಟ್ಟ. ದಕ್ಷಿಣಕ್ಕೆ — 'ಮಾಲೀಕರು ಗೊತ್ತಿಲ್ಲ, ವಿಚಾರಿಸಬೇಕು.'

ಆ ಪುಟದಲ್ಲಿದ್ದದ್ದು ದಕ್ಷಿಣ ಧ್ರುವದ ನಡುಬಿಂದು. ಅಫ್ತಾಬ ನಗುತ್ತ ತಿದ್ದಿದ: "ತಂಗಿ, ಅಲ್ಲಿ ನಿಂತ್ರ ಪೂರ್ವ ಇಲ್ಲ, ಪಶ್ಚಿಮ ಇಲ್ಲ. ನಾಕೂ ಕಡೆ ಉತ್ತರಾನ."

ಹುಡುಗರೆಲ್ಲ ನಕ್ಕರು. ಇವಳು ಕೂರಲಿಲ್ಲ. "ಹಂಗಾರ ನಾಕೂ ಕಡಿ ಒಬ್ಬನ ಹೊಲಾನ ಏನ್ರಿ ಸರ್? ಯಾವ ಗೌಡರದ್ರಿ ಅದು?"

ನಾನು ಗೋಡೆಯ ಈಚೆ ಪಾಠ ಮಾಡುತ್ತಿದ್ದೆ. ಆ ನಗು ಕೇಳಿ ನನ್ನ ತರಗತಿಯೇ ನಿಂತುಹೋಯಿತು.

ಅವಳದು ತಪ್ಪು ಉತ್ತರ. ಅಫ್ತಾಬ ಅದಕ್ಕೆ ಅಂಕ ಕೊಡಲಿಲ್ಲ, ನೆನಪಿಡಿ. ಆದರೆ ಸ್ಟಾಫ್ ರೂಮಿಗೆ ಬಂದು ಅವಳ ಹಾಳೆಯನ್ನು ನನ್ನ ಮುಂದಿಟ್ಟ. ಆಮೇಲೆ ಅಂದ: "ಈ ಹುಡುಗಿ ಕೇಳಿದ್ದು ಎಲ್ಲಾ ಪುಸ್ತಕಕ್ಕೂ ಕೇಳಬೇಕಾದ್ದ ನೋಡು. ಬಾಜೂಕ ಯಾರದಾರ?" ಅದೇ ಅವಳ ಸಂಶೋಧನೆಯಾಯಿತು. ಎಂ.ಎ. ಮುಗಿಸಿ ಬಂದು ಅವನಲ್ಲೇ ನೋಂದಾಯಿಸಿದಳು. ಒಂದೊಂದು ಪುಸ್ತಕ ಹಿಡಿದು, 'ಇಲ್ಲಿ ಯಾರೂ ಇಲ್ಲ' ಎಂದು ಬರೆದ ಕಡೆಯಲ್ಲೆಲ್ಲ ಆ ಹೊತ್ತಿಗೆ ಯಾರಿದ್ದರು ಎಂದು ಹುಡುಕುತ್ತಿದ್ದಾಳೆ. ಅರ್ಧಕ್ಕಿಂತ ಹೆಚ್ಚು ಮುಗಿದಿದೆ.

ಇದನ್ನು ಬಿಟ್ಟು ಬೇರೆ ತಗೋ ಅನ್ನುತ್ತಾರೆ. ಯಾಕೆ? ಅವಳು ಹಿಮ ನೋಡಿಲ್ಲ. ಸರಿ ಸ್ವಾಮಿ — ಆ ಹಿಮದ ಕಥೆ ಬರೆದ ಇಂಗ್ಲಿಷರಲ್ಲಿ ಎಷ್ಟು ಜನ ನೋಡಿದ್ದರು? ಬೆಚ್ಚಗೆ ಒಲೆ ಹೊತ್ತಿಸಿಕೊಂಡು ಕುಳಿತು ಬರೆದವರು ಬಹಳ ಮಂದಿ. ನೀನು ಹೋಗಿದ್ದೆಯಾ ಎಂದು ಅವರನ್ನು ಯಾರೂ ಕೇಳಲಿಲ್ಲ. ಅವರು ಜಗತ್ತನ್ನೆಲ್ಲ ಬರೆಯಬಹುದು, ಮೋರಟಗಿಯ ಹುಡುಗಿ ಮೋರಟಗಿಯನ್ನು ಮಾತ್ರ ಬರೆಯಬೇಕು! ಈ ಕಟ್ಟಳೆ ಮಾಡಿದವರು ಯಾರು? ನಾವು ಯಾಕೆ ಪಾಲಿಸಬೇಕು? ಸುನೀತಾ ನಿನ್ನೆ ನನಗೆ ಹೇಳಿದಳು: "ವಿಷಯ ಬಿಡಂಗಿಲ್ರಿ ಸರ್. ಹೆಸರು ತಗದ್ರ ತಗೀಲಿ." ನಾನು ಕನ್ನಡದವನು, ನಿಯಮದ ಪ್ರಕಾರ ಅವಳಿಗೆ ಸಹಿ ಹಾಕಲಾರೆ.

ಸಹಿ ಹಾಕಬಲ್ಲವರೊಬ್ಬರು ಇಲ್ಲಿ ಬಂದಿದ್ದಾರೆ. ಮುದ್ದೇಬಿಹಾಳದಲ್ಲಿ ಇಂಗ್ಲಿಷ್ ಕಲಿಸುವ ಯಾಸ್ಮಿನ ಮೇಡಂ, ಅಫ್ತಾಬನ ಮೊದಲ ವಿದ್ಯಾರ್ಥಿನಿ. ಸಭೆಗೆ ಮೊದಲು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು, ಅಲ್ಲೇ ಹಿಡಿದೆ. ಅವರಂದದ್ದನ್ನು ಅವರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ: "ತಗೋತೇನ್ರಿ ಸರ್. ವಿಷಯಾನೂ ಅದ ಇರ್ಲಿ. ಆದ್ರ ಅಫ್ತಾಬ ಸರ್ ಬರೆದದ್ದಕ್ಕ ಆಕಿ ಹೂಂ ಹೂಂ ಅಂತ ಹೋಗೂದು ನಡೆಯಂಗಿಲ್ಲ. ಸರ್ ಆ ಧೀರರ ಮ್ಯಾಲೆ ಭಾಳ ಮೆತ್ತಗಾಗಿದ್ರು. ಅಲ್ಲೆಲ್ಲ ಸರ್ ಜೋಡಿನೂ ಜಗಳ ತಗೀಬೇಕು. ಆಗ್ತೈತೇನು ಕೇಳ್ರಿ."

ಸಾಬೀರಾ ಭಾಬಿ, ಶ್ರದ್ಧಾಂಜಲಿ ಸಭೆಯಲ್ಲಿ ಸತ್ತ ನಿಮ್ಮ ಗಂಡನ ಜೊತೆ ಜಗಳಕ್ಕೆ ಕರೆಯುವುದು ಸರಿಯೇ ಎಂದು ನಿಮ್ಮ ಮುಖ ನೋಡುತ್ತಿದ್ದೇನೆ. — ಹೂಂ ಎಂದು ತಲೆ ಆಡಿಸಿದಿರಿ. ಸಾಕು.

ಸುನೀತಾ. ಎಲ್ಲಿದ್ದೀ? ಎದ್ದು ನಿಲ್ಲವಾ. ಇಷ್ಟು ಜನರ ಮುಂದೆ ಕೇಳುತ್ತಿದ್ದೇನೆ — ನಿನ್ನ ಗುರುವನ್ನೂ ಬಿಡದೆ ಪ್ರಶ್ನೆ ಮಾಡುವುದಾದರೆ ಈ ಕೆಲಸ ಮುಂದುವರಿಯುತ್ತದೆ. ಆಗ್ತೈತಾ?

—

ಜೋರಾಗಿ ಹೇಳು, ಹಿಂದಿನವರಿಗೆ ಕೇಳಲಿಲ್ಲ.

—

"ಆಗ್ತೈತ್ರಿ" ಅಂದಳು. ಕೇಳಿದಿರಲ್ಲ?

ಕೂರಬೇಡ, ನಿಂತೇ ಇರು. ಬಂಧುಗಳೇ, ಅವಳು ಎದ್ದಿದ್ದಾಳೆ. ಈಗ ನಾವೂ ಏಳೋಣ. ಒಂದು ನಿಮಿಷ — ಯಾರೂ ಮಾತಾಡುವುದು ಬೇಡ.