ಮೂರನೇ ಎಳೆ

ನಡೆದದ್ದು ನಮ್ಮ ಪಕ್ಕದ ಮನೆಯ ಅಕ್ಕನಿಗೆ. ರಾತ್ರಿ ಹತ್ತೂವರೆ. ಕೆಲಸ ಮುಗಿಸಿ ಹಳೇ ಬಾವಿಯ ಓಣಿಯಲ್ಲಿ ಬರುತ್ತಿದ್ದಳು. ಚೀಲದಲ್ಲಿ ಬೆಳಿಗ್ಗೆ ಕೊಡಬೇಕಾದ ಲಾಕೆಟ್ಟು.

ಸತ್ತವರ ಕೂದಲನ್ನು ಜಡೆ ಹೆಣೆದು, ಗಾಜಿನಡಿ ಕೂರಿಸಿ ಲಾಕೆಟ್ಟು ಮಾಡುವುದು ಅವಳ ಕಸುಬು. ಹಿಂದಿನವರು ದುಃಖಕ್ಕೆ ತೊಡುತ್ತಿದ್ದರಂತೆ, ಈಗ ಹೊಸ ಮಾದರಿಯಲ್ಲಿ ಮತ್ತೆ ಬಂದಿದೆ. ಬದುಕಿದ್ದಾಗ ಆ ತಲೆಗೆ ಎಣ್ಣೆ ಹಚ್ಚಲು ಪುರುಸೊತ್ತಿಲ್ಲದವರೂ ಸತ್ತ ಮೇಲೆ ಬೆಳ್ಳಿಯಲ್ಲಿ ಕಟ್ಟಿಸುತ್ತಾರೆ, ಬಿಡಿ.

ಇದು ಜ್ವರದಲ್ಲಿ ಹೋದ ಆರು ವರ್ಷದ ಹುಡುಗಿಯದು. ತಾಯಿ ತಂದುಕೊಟ್ಟ ಗುಂಗುರು ಕೂದಲು ಎರಡು ಎಳೆಗಷ್ಟೇ ಸಾಕಾಯಿತು. ಜಡೆಗೆ ಮೂರು ಬೇಕು. ಅಕ್ಕ ಏನು ಮಾಡಿದಳು... ಹಿಂದಿನ ರಾತ್ರಿ ಮಲಗಿದ್ದ ತನ್ನ ಮಗಳ ಎಡಗಿವಿಯ ಹಿಂದಿನಿಂದ ಒಂದಿಷ್ಟು ಕತ್ತರಿಸಿಕೊಂಡಳು. ನೂಲಿನಂಥ ನೆಟ್ಟನೆ ಕೂದಲು ಅದು. ಸೋಡಾ ನೀರಲ್ಲಿ ಕುದಿಸಿ, ತೂಕ ಕಟ್ಟಿ ಎಳೆದರೆ ಗುಂಗುರೂ ಹಾಗೇ ನೆಟ್ಟಗಾಗುತ್ತದೆ. ಯಾರಿಗೆ ಗೊತ್ತಾಗಬೇಕು?

ಬಾವಿಯ ಹತ್ತಿರ ಸದ್ದು. ಸರ್ರ್... ಟಿಕ್. ಸರ್ರ್... ಟಿಕ್. ಒದ್ದೆ ತಲೆಯಲ್ಲಿ ಬಾಚಣಿಗೆ ಇಳಿದು, ಸಿಕ್ಕಿಗೆ ತಾಗಿ ನಿಲ್ಲುವ ಸದ್ದು.

"ಆಂಟೀ..." ಮಗುವಿನ ಪಿಸುದನಿ. "ನನ್ನ ಜೊತೆ ಇರೋಳು ಯಾರು?"

ಅಕ್ಕ ಚೀಲವನ್ನು ಎದೆಗೆ ಅವಚಿಕೊಂಡಳು. "ಯಾ... ಯಾರೂ ಇಲ್ಲ ಪುಟ್ಟಾ."

"ಇದ್ದಾಳೆ. ಬೆಚ್ಚಗಿದ್ದಾಳೆ. ನಾನೇ ಇಟ್ಕೊಳ್ಲಾ?"

ಅಕ್ಕ ತಿರುಗಿ ನೋಡಲಿಲ್ಲ. ಓಡಿದಳು.

ಮನೆಯಲ್ಲಿ ಮಗಳ ಮೈ ಕೆಂಡ. ಗಂಡ ಒದ್ದೆ ಬಟ್ಟೆ ಹಿಡಿದು ಕೂತಿದ್ದ. "ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟೊತ್ತು? ಸಂಜೆಯಿಂದ ಹೀಗೇ ಇದ್ದಾಳೆ."

ಅಕ್ಕ ಚಿಮಟದಿಂದ ಲಾಕೆಟ್ಟಿನ ಗಾಜು ಎಬ್ಬಿಸಿ ಜಡೆ ಬಿಚ್ಚಿದಳು. ಮೂರು ಎಳೆ... ಮೂರೂ ಕಪ್ಪು, ಮೂರೂ ನೆಟ್ಟಗೆ. ತನ್ನ ಮಗಳದ್ದು ಯಾವುದು? ಮೂಸಿದಳು. ಬೆರಳಲ್ಲಿ ಹೊಸೆದು ನೋಡಿದಳು. ಹೆತ್ತವಳಿಗೂ ತಿಳಿಯಲಿಲ್ಲ. ಕೊನೆಗೆ ಕಣ್ಣು ಮುಚ್ಚಿ ಒಂದನ್ನು ಎಳೆದು ಮಗಳ ದಿಂಬಿನಡಿ ಇಟ್ಟಳು. ಉಳಿದೆರಡನ್ನು ಹುರಿ ಹೊಸೆದು ಗಾಜು ಮುಚ್ಚಿದಳು.

ಬೆಳಗಿನ ಜಾವಕ್ಕೆ ಜ್ವರ ಇಳಿಯಿತು.

ಹತ್ತು ಗಂಟೆಗೆ ಆ ತಾಯಿ ಬಂದು ಲಾಕೆಟ್ಟು ಕೊರಳಿಗೆ ಹಾಕಿಕೊಂಡಳು. ಎದೆಗೆ ಒತ್ತಿ ಹಿಡಿದಳು. "ಬೆಚ್ಚಗಿದೆಯಲ್ಲಮ್ಮಾ..." ಅಂದು ಅತ್ತಳು. ಅಕ್ಕ ಕೈ ಚಾಚಿದಳು, ವಾಪಸ್ ಕೇಳಲು. ಚಾಚಿದ ಕೈಗೆ ದುಡ್ಡು ಇಟ್ಟು ಆ ತಾಯಿ ಹೊರಟೇಬಿಟ್ಟಳು.

ಕಟ್ಟಿ ಹೇಳುತ್ತಿಲ್ಲ. ಅಕ್ಕನ ಮಗಳು ದಿನಾ ನಮ್ಮ ಮನೆಗೆ ಆಡಲು ಬರುತ್ತಾಳೆ, ಎಷ್ಟೋ ಸಲ ತಲೆ ಬಾಚಿದವಳು ನಾನೇ. ಈಗಲೂ ನೂಲಿನಂಥ ಕೂದಲು. ಎಡಗಿವಿಯ ಹಿಂದೆ, ಕತ್ತರಿಸಿದ ಜಾಗದಲ್ಲಿ ಮಾತ್ರ, ಗುಂಗುರು ಬಂದಿದೆ.